ಸೆಕೆಂಡ್ ಹ್ಯಾಂಡ್ ಕಾರು: ಯಾವುದನ್ನು ನೋಡೋಕೇ ಹೋಗಬಾರದು, ಯಾವುದನ್ನು ನೋಡಿ ಬಿಟ್ಟು ಬರಬೇಕು

"ಸಿಂಗಲ್ ಓನರ್ ಸಾರ್. ಡಾಕ್ಟರ್ ಗಾಡಿ. ಮನೆಯಿಂದ ಕ್ಲಿನಿಕ್, ಕ್ಲಿನಿಕ್‌ನಿಂದ ಮನೆ, ಅಷ್ಟೇ ಓಡಿರೋದು."

ಹಳೆ ಕಾರು ಹುಡುಕಲು ಹೊರಟವರ ಕಿವಿಗೆ ಈ ಮಾತು ಒಂದಲ್ಲ ಒಂದು ಕಡೆ ಬಿದ್ದೇ ಬೀಳುತ್ತದೆ. ಬೆಂಗಳೂರಿನಲ್ಲಿ ಮಾರಾಟಕ್ಕೆ ನಿಂತಿರುವ ಡಾಕ್ಟರ್ ಗಾಡಿಗಳನ್ನೆಲ್ಲ ಎಣಿಸಿದರೆ ಈ ಊರಲ್ಲಿ ರೋಗಿಗಳಿಗಿಂತ ಡಾಕ್ಟರುಗಳೇ ಜಾಸ್ತಿ ಇರಬೇಕು! ಮಾರುವವರ ಮಾತು ಪಕ್ಕಕ್ಕಿಡಿ. ಕಾಗದ ಏನು ಹೇಳುತ್ತದೆ, ಗಾಡಿ ಏನು ಹೇಳುತ್ತದೆ, ಅಷ್ಟು ಸಾಕು.

"ಯಾವ ಕಾರು ತಗೋಬಾರದು ಹೇಳಿ" ಎಂದು ಕೇಳುವವರು ಸಾಮಾನ್ಯವಾಗಿ ಕಂಪನಿ ಹೆಸರು ಕೇಳುತ್ತಿರುತ್ತಾರೆ. ಕೆಲವು ಹೆಸರು ಮುಂದೆ ಹೇಳುತ್ತೇನೆ. ಆದರೆ ಹೆಸರಿಗಿಂತ ಗಾಡಿ ಹಿಂದೆ ಏನು ಕಂಡಿದೆ ಅನ್ನೋದು ಮುಖ್ಯ. ಎಲ್ಲರೂ ಹೊಗಳುವ ಸ್ವಿಫ್ಟ್ ಕೂಡ ಒಮ್ಮೆ ನೀರಲ್ಲಿ ಮುಳುಗಿ ಎದ್ದಿದ್ದರೆ ಬೇಡದ ಕಾರೇ. ಯಾರೂ ಕೇಳದ ಮಾಡೆಲ್ ಒಬ್ಬರೇ ಜೋಪಾನವಾಗಿ ಇಟ್ಟುಕೊಂಡಿದ್ದರೆ ಅದರಲ್ಲಿ ಇನ್ನೂ ಹತ್ತು ವರ್ಷ ಓಡಾಡಬಹುದು.

ಕ್ರಮ ಹೀಗಿರಲಿ: ಮೊದಲು ಮನೆಯಲ್ಲೇ ಕೂತು ಕಾಗದ, ಆಮೇಲೆ ಗಾಡಿ, ಕೊನೆಗೆ ದುಡ್ಡು. ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ. ಗಾಡಿ ನೋಡಿ, ಬಣ್ಣ ಮೆಚ್ಚಿ, ಹೆಂಡತಿ ಮಕ್ಕಳಿಗೆ ಫೋಟೋ ಕಳಿಸಿ, ಟೋಕನ್ ಅಂತ ಹತ್ತು ಸಾವಿರ ಕೊಟ್ಟ ಮೇಲೆ ಆರ್‌ಸಿ ಕೇಳುತ್ತಾರೆ. ಅಷ್ಟು ಹೊತ್ತಿಗೆ ಎಂಥ ತಪ್ಪು ಕಂಡರೂ "ಪರವಾಗಿಲ್ಲ ಬಿಡಿ" ಅನ್ನಿಸುತ್ತದೆ.

ಹಂತ 1: ನಂಬರ್ ಕೇಳಿ, ಮನೆಯಲ್ಲೇ ಕೂತು ನೋಡಿ

ಜಾಹೀರಾತಿನಲ್ಲಿ ನಂಬರ್ ಪ್ಲೇಟ್ ಮುಚ್ಚಿರುವುದು ಮಾಮೂಲಿ. ಫೋನ್ ಮಾಡಿ ಕೇಳಿದರೂ ನಂಬರ್ ಹೇಳದಿದ್ದರೆ ಆ ಕಾರನ್ನು ಅಲ್ಲಿಗೇ ಬಿಡಿ. ನಂಬರ್ ಸಿಕ್ಕರೆ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ. ನೋಂದಣಿ ದಿನಾಂಕ, ಇಂಧನ, ವಾಹನದ ವರ್ಗ, ವಿಮೆ ಎಲ್ಲಿಯವರೆಗಿದೆ, ಸಾಲ ಇದೆಯಾ ಅನ್ನುವುದೆಲ್ಲ ಅಲ್ಲಿ ಸಿಗುತ್ತದೆ. ನಂತರ ಆರ್‌ಸಿಯ ಎರಡೂ ಬದಿಯ ಫೋಟೋ ತರಿಸಿಕೊಳ್ಳಿ. ಎಷ್ಟನೇ ಮಾಲೀಕರು ಅನ್ನುವುದು ಅದರಲ್ಲೇ ಇರುತ್ತದೆ. ಫೋನಿನಲ್ಲಿ ಕೇಳಿದ "ಸಿಂಗಲ್ ಓನರ್" ಕಾಗದದಲ್ಲಿ ಮೂರನೇ ಓನರ್ ಆಗುವುದು ಇಲ್ಲೇ.

ಈ ಹಂತದಲ್ಲೇ ಕೈಬಿಡಬೇಕಾದ ಗಾಡಿಗಳು ಕೆಲವು.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದು, "ಸಾಲ ತೀರಿದೆ ಸಾರ್, ಎನ್‌ಒಸಿ ಆಮೇಲೆ ತರ್ತೀನಿ" ಅನ್ನುವ ಗಾಡಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ (ನಮ್ಮ ಆಕ್ಷೇಪ ಇಲ್ಲ ಅನ್ನುವ ಪತ್ರ) ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ಕೈಯಲ್ಲಿರಬೇಕು. ಅವು ಸಿಗುವವರೆಗೆ ಆ ಕಾರಿನ ಮೇಲೆ ಬ್ಯಾಂಕಿನ ಹಕ್ಕು ಇದ್ದೇ ಇರುತ್ತದೆ. ಅವರು ತಂದ ಮೇಲೆ ಮಾತಾಡೋಣ ಎಂದು ಹೇಳಿ ಸುಮ್ಮನಾಗಿ.

ಅಪ್ಪನ ಹೆಸರಿನಲ್ಲಿದ್ದು, ಅಪ್ಪ ತೀರಿಕೊಂಡು, ಮಗ ಮಾರುತ್ತಿರುವ ಗಾಡಿ. ಇದರಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಒಳ್ಳೆಯ ಗಾಡಿಯೇ ಇರಬಹುದು. ಆದರೆ ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ಅವರು ನಿಮಗೆ ಮಾರಬೇಕು. ತೀರಿಕೊಂಡವರ ಸಹಿ ಹಾಕಿಸಿಕೊಡುತ್ತೇನೆ ಅನ್ನುವ ಏಜೆಂಟರೂ ಇದ್ದಾರೆ. ಅವರ ಹತ್ತಿರ ಎರಡನೇ ಮಾತು ಬೇಡ.

ಡೂಪ್ಲಿಕೇಟ್ ಆರ್‌ಸಿ, ಒಂದೇ ಕೀ, ಸರ್ವಿಸ್ ಪುಸ್ತಕ ಇಲ್ಲ. ಒಂದೊಂದೇ ಆದರೆ ಕಾರಣ ಕೇಳಬಹುದು. ಮೂರೂ ಸೇರಿದರೆ ಬೇಡ. ಕದ್ದ ಗಾಡಿಯಾ ಅನ್ನುವ ಅನುಮಾನ ಇದ್ದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 'ವಾಹನ್ ಸಮನ್ವಯ' ಸೇವೆಯಲ್ಲಿ ನಂಬರ್, ಚಾಸಿ, ಎಂಜಿನ್ ವಿವರ ಹಾಕಿ ನೋಡಬಹುದು.

ವರ್ಗಾವಣೆಯಾಗಿರುವ ಮಿಲಿಟರಿ ಅಧಿಕಾರಿಯ ಕಾರು, ಮಾರುಕಟ್ಟೆಗಿಂತ ಅರ್ಧ ಬೆಲೆ, ಸಾಗಣೆ ಖರ್ಚು ಮಾತ್ರ ಮೊದಲು ಕಳಿಸಿ ಅನ್ನುವ ಮೆಸೇಜ್ ಬಂದರೆ ಅಲ್ಲಿ ಕಾರೇ ಇರುವುದಿಲ್ಲ.

ಚಲನ್ ಬಾಕಿ ನೋಡಿ. ಬೆಂಗಳೂರಿನಲ್ಲಿ ಸಿಗ್ನಲ್ ಕ್ಯಾಮೆರಾ ದಂಡ ಒಂದರ ಮೇಲೊಂದು ಸೇರಿ ಸಾವಿರಗಟ್ಟಲೆ ಆಗಿರುತ್ತದೆ. 2023ರ ಫೆಬ್ರವರಿಯಲ್ಲಿ ಒಮ್ಮೆ, 2025ರ ಆಗಸ್ಟ್ ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟ ಮೇಲೆ "ಮುಂದಿನ ಸಲ ಕಟ್ಟೋಣ" ಎಂದು ಕೂತವರು ಬಹಳ. ಇದು ಗಾಡಿ ಬಿಡಲು ಕಾರಣವಲ್ಲ. ಆದರೆ ಕಟ್ಟಬೇಕಾದವರು ಅವರು.

ಇನ್ನು ಈ ಹಂತದಲ್ಲಿ ನನಗೆ ತುಂಬ ಇಷ್ಟವಾದ ಪರೀಕ್ಷೆ ಒಂದಿದೆ. ಈಗಿನ ವಿಮೆ ಪಾಲಿಸಿ ತರಿಸಿಕೊಂಡು ನೋ ಕ್ಲೇಮ್ ಬೋನಸ್ ಎಷ್ಟು ಶೇಕಡ ಅಂತ ನೋಡಿ. ಕ್ಲೇಮ್ ಮಾಡದೆ ವರ್ಷ ಕಳೆದ ಹಾಗೆ ಅದು 20, 25, 35, 45, ಕೊನೆಗೆ 50ಕ್ಕೆ ಏರುತ್ತದೆ. ಏಳು ವರ್ಷದ ಹಳೆ ಕಾರು, ಒಬ್ಬರೇ ಮಾಲೀಕರು, "ಒಂದು ಗೀರೂ ಬಿದ್ದಿಲ್ಲ" ಅನ್ನುತ್ತಾರೆ, ಪಾಲಿಸಿಯಲ್ಲಿ ಬೋನಸ್ ಸೊನ್ನೆ. ಅಂದರೆ ಹಿಂದಿನ ವರ್ಷ ಏನೋ ಕ್ಲೇಮ್ ಆಗಿದೆ, ಇಲ್ಲವೇ ವಿಮೆ ಮಧ್ಯದಲ್ಲಿ ತಪ್ಪಿಹೋಗಿದೆ. ಬಂಪರ್ ಬದಲಾಯಿಸಿದ್ದೂ ಆಗಿರಬಹುದು, ಅರ್ಧ ಗಾಡಿ ಬದಲಾಯಿಸಿದ್ದೂ ಆಗಿರಬಹುದು. ಕೇಳಿ. ಆ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರು ಉಳಿದ ವಿಷಯದಲ್ಲೂ ಸರಿಯಾಗಿಯೇ ಇರುತ್ತಾರೆ ಅನ್ನುವುದು ನನ್ನ ಅನುಭವ.

ಹಂತ 2: ಅಗ್ಗ ಯಾಕೆ ಅಂತ ಕೇಳಿಕೊಳ್ಳಿ

ಒಂದೇ ಮಾಡೆಲ್, ಒಂದೇ ವರ್ಷ, ಆದರೆ ಒಂದು ಗಾಡಿ ಮಾತ್ರ ಒಂದೂವರೆ ಲಕ್ಷ ಕಡಿಮೆ. ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ನಮ್ಮಲ್ಲಿ ಜಾಸ್ತಿ ಕಾಣುವ ಕಾರಣಗಳು ಇವು.

ದೆಹಲಿ ಗಾಡಿ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸುವ ಹಾಗಿಲ್ಲ ಎಂದು ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಆ ನಿಯಮದಲ್ಲಿ ಹಗ್ಗಜಗ್ಗಾಟ ನಡೆದೇ ಇದೆ. ಆದರೆ ಎಂಟೊಂಬತ್ತು ವರ್ಷದ ಡೀಸೆಲ್ ಕಾರು ಅಲ್ಲಿ ನೆಲ ಕಚ್ಚುವ ಬೆಲೆಗೆ ಸಿಗುವುದಂತೂ ನಿಜ. ಇನೋವಾ, ಫಾರ್ಚುನರ್, ಎಕ್ಸ್‌ಯುವಿ 500, ಜರ್ಮನ್ ಕಾರುಗಳು ಲಾರಿ ಹತ್ತಿ ದಕ್ಷಿಣಕ್ಕೆ ಬರುತ್ತವೆ.

ಬೆಲೆ ನೋಡಿ ಬಾಯಲ್ಲಿ ನೀರು ಬರುತ್ತದೆ ನಿಜ. ಆದರೆ ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ರಾಜ್ಯಗಳ ಸಾಲಿನಲ್ಲಿದೆ. ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಇದರ ಮೇಲೆ ಸೆಸ್ ಬೇರೆ. ಹೊರರಾಜ್ಯದ ಹಳೆ ಗಾಡಿಗೆ ವಯಸ್ಸಿಗೆ ತಕ್ಕ ಹಾಗೆ ತೆರಿಗೆ ಕಡಿಮೆಯಾಗುತ್ತದೆ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದ ಅಲ್ಲ, ಆ ಗಾಡಿ ಹೊಸದಾಗಿದ್ದಾಗಿನ ಬೆಲೆಯಿಂದ. 30 ಲಕ್ಷದ ಕಾರು 8 ಲಕ್ಷಕ್ಕೆ ಸಿಕ್ಕಿತು ಎಂದು ಖುಷಿಪಟ್ಟವರಿಗೆ ಆರ್‌ಟಿಒ ಕೌಂಟರಿನಲ್ಲಿ ಎದೆ ಧಸಕ್ ಅನ್ನುವುದು ಇದಕ್ಕೇ.

"ದೆಹಲಿ ನಂಬರಲ್ಲೇ ಓಡಿಸಿ ಸಾರ್, ಯಾರು ಕೇಳ್ತಾರೆ?" ಅನ್ನುತ್ತಾರೆ. ಕೇಳುತ್ತಾರೆ. 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟರೆ ಅಲ್ಲೇ ನೋಂದಣಿ ಮಾಡಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಪುದುಚೇರಿ ನಂಬರಿನ ದೊಡ್ಡ ಕಾರುಗಳಿಗೂ ಇದೇ ಕಥೆ. ಸಾರಿಗೆ ಇಲಾಖೆಯವರು ಆಗಾಗ ಹಿಡಿದು ನಿಲ್ಲಿಸಿ ತೆರಿಗೆ ವಸೂಲಿ ಮಾಡುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಎ ನಂಬರ್ ಇದ್ದ ಮಾತ್ರಕ್ಕೆ ಗಾಡಿ ಇಲ್ಲಿಯದೇ ಆಗಿರಬೇಕಿಲ್ಲ. ತಯಾರಾಗಿದ್ದು 2015ರಲ್ಲಿ, ಆದರೆ ನಂಬರಿನ ಸೀರೀಸ್ ಕಳೆದ ವರ್ಷದ್ದು. ಅಂದರೆ ಅದು ಹೊರಗಿನಿಂದ ಬಂದು ಇಲ್ಲಿ ಮರುನೋಂದಣಿಯಾದದ್ದು. ತೆರಿಗೆ ಕಟ್ಟಿ, ಕೆಎ ನಂಬರ್ ಆಗಿ, ಸರ್ವಿಸ್ ದಾಖಲೆ ಮೊದಲ ದಿನದಿಂದ ಸಿಕ್ಕರೆ ಅಂಥ ಗಾಡಿ ನೋಡಬಹುದು. "ಅಲ್ಲಿನ ಆರ್‌ಟಿಒ ಎನ್‌ಒಸಿ ಇದೆ, ಇಲ್ಲಿ ನೋಂದಣಿ ನೀವೇ ಮಾಡಿಸಿಕೊಳ್ಳಿ" ಅನ್ನುವುದು ಬೇಡ. ಆ ಓಡಾಟ ನಿಮ್ಮ ಶತ್ರುವಿಗೂ ಬೇಡ.

ಯೆಲ್ಲೋ ಬೋರ್ಡಿನಿಂದ ವೈಟ್ ಬೋರ್ಡಿಗೆ ಬಂದದ್ದು. ಎಟಿಯೋಸ್, ಡಿಸೈರ್ ಟೂರ್, ಎಕ್ಸೆಂಟ್ ಇಂಥವು. ಬಾಡಿಗೆ ಗಾಡಿ ಎಂದು ಹೇಳಿಯೇ ಮಾರಿದರೆ, ಬೆಲೆಯೂ ಹಾಗೇ ಇದ್ದರೆ, ಲೆಕ್ಕ ಹಾಕಿ ತಗೊಳ್ಳುವವರಿದ್ದಾರೆ. ತಕರಾರು ಇರುವುದು ಮುಚ್ಚಿಟ್ಟು ಮಾರುವುದರ ಬಗ್ಗೆ. ಬಣ್ಣ ಹೊಡೆಯಬಹುದು, ಸೀಟ್ ಕವರ್ ಹಾಕಬಹುದು. ಆದರೆ ಟ್ಯಾಕ್ಸಿಗೆ ಗಂಟೆಗೆ 80 ಕಿಲೋಮೀಟರಿನ ವೇಗ ನಿಯಂತ್ರಕ ಕಡ್ಡಾಯ. ಅದನ್ನು ಕಿತ್ತ ಮೇಲೂ ಆಕ್ಸಿಲರೇಟರ್ ವೈರಿಂಗಿನಲ್ಲಿ ಕತ್ತರಿಸಿ ಟೇಪ್ ಸುತ್ತಿದ ಗುರುತು ಉಳಿಯುತ್ತದೆ. ಪ್ಯಾನಿಕ್ ಬಟನ್ ಇದ್ದ ಜಾಗದಲ್ಲಿ, ಹಿಂದಿನ ಸೀಟಿನ ಪಕ್ಕದ ಪಿಲ್ಲರಿನ ಮೇಲೆ, ಸ್ಕ್ರೂ ತೂತು ಅಥವಾ ಅದನ್ನು ಮುಚ್ಚಿದ ಸ್ಟಿಕ್ಕರ್ ಇರುತ್ತದೆ. ಇನ್ನೊಂದು ಗುರುತು: ಮನೆ ಕಾರಿನಲ್ಲಿ ಡ್ರೈವರ್ ಸೀಟು ಜಾಸ್ತಿ ಸವೆದಿರುತ್ತದೆ. ಟ್ಯಾಕ್ಸಿಯಲ್ಲಿ ಹಿಂದಿನ ಎಡ ಬಾಗಿಲಿನ ಹಿಡಿ ಮತ್ತು ಆ ಬದಿಯ ಸೀಟು ಕೂಡ ಅಷ್ಟೇ ಸವೆದಿರುತ್ತದೆ.

ಕಂಪನಿ ದೇಶ ಬಿಟ್ಟು ಹೋದದ್ದು. ಶೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆ ಎಂದು ಹೇಳಿದ್ದು 2021ರ ಸೆಪ್ಟೆಂಬರಿನಲ್ಲಿ. ಡಟ್ಸನ್ 2022ರಲ್ಲಿ ಹೋಯಿತು. ಫಿಯೆಟ್ ಪುಂಟೊ, ಲೀನಿಯಾ ಅದಕ್ಕೂ ಮೊದಲೇ ನಿಂತವು. ಇವೆಲ್ಲ ಕೆಟ್ಟ ಕಾರುಗಳಲ್ಲ. ಲೀನಿಯಾ ಓಡಿಸಿದವರು ಈಗಲೂ ಅದನ್ನೇ ಹೊಗಳುತ್ತಾರೆ. ಫೋರ್ಡ್ ಸರ್ವಿಸ್ ಮುಂದುವರಿಸಿದೆ ಕೂಡ. ಆದರೆ ನೀವಿರುವುದು ಬೆಂಗಳೂರಾ, ಕೊಪ್ಪಳವಾ ಅನ್ನುವುದರ ಮೇಲೆ ಉತ್ತರ ಬೇರೆಯಾಗುತ್ತದೆ. ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆ ಇದೆ, ಶಿವಾಜಿನಗರದ ಗುಜರಿ ಇದೆ, ಬಿಡಿಭಾಗ ಹೇಗೋ ಸಿಗುತ್ತದೆ. ಬೇರೆ ಊರಿನವರು ಮೊದಲು ಹತ್ತಿರದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಈ ಮಾಡೆಲ್‌ಗೆ ಎಡಗಡೆ ಹೆಡ್‌ಲೈಟ್ ಬೇಕು, ಎಷ್ಟು ದಿನ, ಎಷ್ಟು ದುಡ್ಡು?" ಉತ್ತರ "ನೋಡಿ ಹೇಳ್ತೀವಿ" ಅಂತ ಬಂದರೆ ಆ ಕಾರು ಬೇಡ.

ಕೆಲವು ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಹಳೆಯ ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿದ್ದ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ, ಮೊದಲ ಇಕೋಸ್ಪೋರ್ಟ್‌ನ ಪವರ್‌ಶಿಫ್ಟ್. ಎರಡೂ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್‌ಗಳು. ಓಡಿಸಲು ಬೆಣ್ಣೆಯ ಹಾಗಿರುತ್ತವೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಐದು ವರ್ಷ ತೆವಳಿದ ಮೇಲೆ ಕ್ಲಚ್ಚೋ, ಗೇರ್ ಬದಲಾಯಿಸುವ ಮೆಕಾಟ್ರಾನಿಕ್ ಘಟಕವೋ ಕೈಕೊಟ್ಟರೆ ಬಿಲ್ ಲಕ್ಷ ದಾಟಬಹುದು. ವಾರಂಟಿ ಉಳಿದಿಲ್ಲದಿದ್ದರೆ ಮುಟ್ಟಬೇಡಿ.

ಹಳೆ ಜರ್ಮನ್ ಲಕ್ಷುರಿ ಕಾರಿನ ಬಗ್ಗೆ ಒಂದೇ ಮಾತು. ಕಾರಿನ ಬೆಲೆ 60 ಲಕ್ಷದಿಂದ 10 ಲಕ್ಷಕ್ಕೆ ಇಳಿದಿರಬಹುದು, ಅದರ ಸಸ್ಪೆನ್ಷನ್ನಿನ ಬೆಲೆ ಇಳಿದಿರುವುದಿಲ್ಲ.

ಏರ್‌ಬ್ಯಾಗ್ ಇಲ್ಲದ ಹಳೆ ಬೇಸ್ ಮಾಡೆಲ್. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಎಲ್ಲ ಕಾರಿಗೂ ಕಡ್ಡಾಯವಾದದ್ದು 2019ರಲ್ಲಿ. ಡ್ರೈವರ್ ಏರ್‌ಬ್ಯಾಗ್ ಕೂಡ ಆ ವರ್ಷವೇ. ಮುಂದಿನ ಸೀಟಿನ ಇನ್ನೊಬ್ಬರಿಗೆ ಅದು ಬಂದದ್ದು 2021ರಲ್ಲಿ. ಅದಕ್ಕೂ ಮೊದಲಿನ ಬೇಸ್ ಮಾಡೆಲ್‌ಗಳಲ್ಲಿ ಎಷ್ಟೋ ಸಲ ಇವು ಯಾವುವೂ ಇರುತ್ತಿರಲಿಲ್ಲ. 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊಗಳ ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳನ್ನು ಗುದ್ದಿಸಿ ನೋಡಿದಾಗ ದೊಡ್ಡವರ ಸುರಕ್ಷತೆಗೆ ಐದಕ್ಕೂ ಸೊನ್ನೆ ಸ್ಟಾರ್ ಬಂತು. ಹಳೆಯದೇ ತಗೊಳ್ಳುವುದಾದರೆ ಅದೇ ವರ್ಷದ ಟಾಪ್ ಮಾಡೆಲ್ ಹುಡುಕಿ, ನಲವತ್ತು ಐವತ್ತು ಸಾವಿರ ಜಾಸ್ತಿ ಹೋದರೂ ಪರವಾಗಿಲ್ಲ. ಹಳೆ ಹೋಂಡಾ ಸಿಟಿ, ಜಾಝ್, ಸಿವಿಕ್ ನೋಡುತ್ತಿದ್ದರೆ ಚಾಸಿ ನಂಬರ್ ಕೊಟ್ಟು ಟಕಾಟಾ ಕಂಪನಿಯ ದೋಷವಿದ್ದ ಏರ್‌ಬ್ಯಾಗ್ ಬದಲಾಯಿಸುವ ರಿಕಾಲ್ ಕೆಲಸ ಆಗಿದೆಯಾ ಎಂದು ಕಂಪನಿಯಲ್ಲಿ ವಿಚಾರಿಸಿ. ಬದಲಾವಣೆ ಉಚಿತ.

ಹೊರಗೆ ಹಾಕಿಸಿದ ಗ್ಯಾಸ್ ಕಿಟ್ ಆರ್‌ಸಿಯಲ್ಲಿ ನಮೂದಾಗಿರದಿದ್ದರೆ ಬೇಡ. ನಮೂದಾಗಿದ್ದರೂ ಸಿಎನ್‌ಜಿ ಸಿಲಿಂಡರ್ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಆಗಿದೆಯಾ, ಪ್ರಮಾಣಪತ್ರ ಎಲ್ಲಿ ಎಂದು ಕೇಳಿ.

ಹಂತ 3: ನೀರು ಕುಡಿದ ಗಾಡಿ ಗುರುತಿಸುವುದು

ಇದಕ್ಕೆ ಪ್ರತ್ಯೇಕ ಹಂತ ಕೊಡಲು ಕಾರಣವಿದೆ. ಗುದ್ದಿದ ಗಾಡಿಯನ್ನು ರಿಪೇರಿ ಮಾಡಬಹುದು. ಮುಳುಗಿದ ಗಾಡಿ ರಿಪೇರಿಯಾದ ಹಾಗೆ ಕಾಣುತ್ತದೆ, ಅಷ್ಟೇ. ವೈರಿಂಗಿನ ಒಳಗೆ ಸೇರಿದ ತೇವ ಆರು ತಿಂಗಳು, ಒಂದು ವರ್ಷ ಬಿಟ್ಟು ಕೆಲಸ ಶುರು ಮಾಡುತ್ತದೆ. ಇವತ್ತು ಪವರ್ ವಿಂಡೋ, ನಾಳೆ ಸ್ಟೀರಿಂಗ್, ನಾಡಿದ್ದು ಹೆದ್ದಾರಿ ಮಧ್ಯದಲ್ಲಿ ಎಂಜಿನ್ ಆಫ್.

ಇಂಥ ಗಾಡಿಗಳು ಎಲ್ಲಿಂದ ಬರುತ್ತವೆ? 2015ರಲ್ಲಿ ಮತ್ತು 2023ರಲ್ಲಿ ಚೆನ್ನೈ, 2018ರಲ್ಲಿ ಕೇರಳ, ಕೊಡಗು, 2019ರಲ್ಲಿ ಬೆಳಗಾವಿ ಕಡೆ. ದೂರ ಯಾಕೆ, 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳ ಬೇಸ್‌ಮೆಂಟುಗಳಲ್ಲಿ ಕೋಟಿ ಬೆಲೆಯ ಕಾರುಗಳು ತೇಲಿದ್ದನ್ನು ಟಿವಿಯಲ್ಲಿ ನೋಡಿದ್ದೇವಲ್ಲ. ರಿಪೇರಿ ಖರ್ಚು ವಿಮೆ ಮೌಲ್ಯದ ಶೇ 75 ದಾಟಿದರೆ ವಿಮೆ ಕಂಪನಿ ಅದನ್ನು ಟೋಟಲ್ ಲಾಸ್ ಎಂದು ತೀರ್ಮಾನಿಸಿ ದುಡ್ಡು ಕೊಡುತ್ತದೆ. ಗಾಡಿ ಹರಾಜಿಗೆ ಹೋಗುತ್ತದೆ. ತಗೊಂಡವರು ಬಿಡಿಭಾಗ ಮಾರಿದರೆ ಸರಿ. ಆರ್‌ಸಿ ರದ್ದಾಗದೆ ಉಳಿದಿದ್ದರೆ ತೊಳೆದು, ಒಣಗಿಸಿ, ಪಾಲಿಶ್ ಹೊಡೆದು ದೂರದ ಊರಲ್ಲಿ ಮಾರುವವರೂ ಇದ್ದಾರೆ.

ಪತ್ತೆ ಮಾಡುವುದು ಹೀಗೆ. ಕಾರಿನೊಳಗೆ ಕೂತು ಗಾಜು ಏರಿಸಿ, ಎಸಿಯನ್ನು ಒಳಗಿನ ಗಾಳಿಯೇ ಸುತ್ತುವ ಹಾಗೆ ಇಟ್ಟು ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಒದ್ದೆ ಗೋಣಿಚೀಲದ ವಾಸನೆ ಬಂದರೆ ಎದ್ದು ಬನ್ನಿ. ಸೆಂಟಿನ ವಾಸನೆ ಅತಿಯಾಗಿದ್ದರೂ ಅನುಮಾನಪಡಿ.

ಆಮೇಲೆ ಸೀಟ್ ಬೆಲ್ಟ್. ಎಲ್ಲರೂ ಹಾಕಿಕೊಳ್ಳುವಷ್ಟು ಎಳೆದು ಬಿಡುತ್ತಾರೆ. ನೀವು ಕೊನೆಯವರೆಗೆ ಎಳೆಯಿರಿ. ಇನ್ನು ಬರುವುದಿಲ್ಲ ಅನ್ನುವಷ್ಟು. ಆ ಕೊನೆಯ ಒಂದಡಿ ಪಟ್ಟಿ ಸಾಮಾನ್ಯವಾಗಿ ಸುರುಳಿಯೊಳಗೇ ಇರುತ್ತದೆ, ಯಾರೂ ತೊಳೆದಿರುವುದಿಲ್ಲ. ಮುಳುಗಿದ ಗಾಡಿಯಲ್ಲಿ ಅಲ್ಲಿ ಕಂದು ಗೆರೆ, ಒಣಗಿದ ಕೆಸರಿನ ಪುಡಿ, ಬೂಷ್ಟಿನ ಚುಕ್ಕೆ ಸಿಗುತ್ತದೆ. ಬೆರಳಲ್ಲಿ ಉಜ್ಜಿ ನೋಡಿ, ನಯವಾದ ಹೂಳು ಅಂಟುತ್ತದೆ. ಹತ್ತು ವರ್ಷದ ಕಾರಿನಲ್ಲಿ ನಾಲ್ಕೂ ಬೆಲ್ಟ್ ಹೊಸದಾಗಿದ್ದರೆ ಯಾಕೆ ಬದಲಾಯಿಸಿದಿರಿ ಎಂದು ಕೇಳಬೇಕು ಅಲ್ವಾ?

ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಟಾರ್ಚ್ ಹಾಕಿ, ಕೆಳಗಿನ ಹಳಿ ಮತ್ತು ಬೋಲ್ಟ್ ನೋಡಿ. ಅಲ್ಲಿ ತುಕ್ಕು ಹಿಡಿಯಲು ಮಾಮೂಲಿಯಾಗಿ ಕಾರಣವೇ ಇಲ್ಲ. ಬಾಗಿಲ ಹತ್ತಿರ ಕಾರ್ಪೆಟ್ಟಿನ ಮೂಲೆ ಎತ್ತಿ ಕೆಳಗಿನ ಸ್ಪಂಜನ್ನು ಹಿಂಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಆ ಗುಂಡಿಯ ಮೂಲೆಗಳನ್ನು ನೋಡಿ. ಫ್ಯೂಸ್ ಬಾಕ್ಸ್ ತೆರೆದರೆ ಪಿನ್ನುಗಳ ಮೇಲೆ ಹಸಿರು ಪುಡಿ ಇರಬಾರದು. ಹೆಡ್‌ಲೈಟಿನೊಳಗೆ ನೀರು ನಿಂತ ಗೆರೆ ಕಂಡರೆ ಅದು ನೀರಿನ ಮಟ್ಟ ಎಲ್ಲಿಯವರೆಗೆ ಬಂದಿತ್ತು ಅನ್ನುವುದರ ಅಳತೆ.

ಇವುಗಳಲ್ಲಿ ಎರಡು ಗುರುತು ಸಿಕ್ಕರೂ ಚೌಕಾಸಿ ಮಾಡಬೇಡಿ. ಐವತ್ತು ಸಾವಿರ ಇಳಿಸಿದರೂ, ಒಂದು ಲಕ್ಷ ಇಳಿಸಿದರೂ ಬೇಡ.

ಹಂತ 4: ಪೆಟ್ಟು ಬಿದ್ದದ್ದು, ಮೀಟರ್ ತಿರುಗಿಸಿದ್ದು

ಬಾಗಿಲಿಗೆ, ಬಂಪರಿಗೆ ಬಣ್ಣ ಬಿದ್ದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ನಮ್ಮ ಊರುಗಳಲ್ಲಿ ಗೀರಿಲ್ಲದ ಕಾರೇ ಇಲ್ಲ. ನೋಡಬೇಕಾದದ್ದು ಅಸ್ಥಿಪಂಜರ. ಬಾನೆಟ್ ಎತ್ತಿ ಮುಂದಿನ ಫೆಂಡರ್, ಬಾನೆಟ್ ಕೀಲುಗಳ ಬೋಲ್ಟ್ ತಲೆ ನೋಡಿ. ಸ್ಪ್ಯಾನರ್ ಹಾಕಿದ್ದರೆ ಅಂಚಿನಲ್ಲಿ ಬಣ್ಣ ಎದ್ದಿರುತ್ತದೆ. ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗನ್ನು ಒಂದು ಗೇಣು ಎಳೆದರೆ ಪಿಲ್ಲರಿನ ಅಂಚಿನಲ್ಲಿ ಕಂಪನಿಯ ಸ್ಪಾಟ್ ವೆಲ್ಡ್ ಗುಳಿಗಳು ಸಮ ಅಂತರದಲ್ಲಿ ಕಾಣುತ್ತವೆ. ಒಂದು ಬದಿಯಲ್ಲಿ ಇದ್ದು ಇನ್ನೊಂದು ಬದಿಯಲ್ಲಿ ಇಲ್ಲದಿದ್ದರೆ ಆ ಬದಿ ಕತ್ತರಿಸಿ ಜೋಡಿಸಿದ್ದು. ಅಂಥ ಕಾರು ಎಷ್ಟು ನೇರವಾಗಿ ಓಡಿದರೂ ಬೇಡ. ಮುಂದಿನ ಸಲ ಗುದ್ದಿದಾಗ ಅದು ನಿಮ್ಮನ್ನು ಕಾಯುವುದಿಲ್ಲ.

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ. ಹೊತ್ತಲೇ ಇಲ್ಲ ಅಂದರೆ ಇನ್ನೂ ಕೆಟ್ಟದ್ದು. ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡು, ಹೊಸದು ಹಾಕದೆ ದೀಪವನ್ನೇ ಕಿತ್ತಿರಬಹುದು.

ಮೀಟರ್ ತಿರುಗಿಸುವುದು ಈಗ ಲ್ಯಾಪ್‌ಟಾಪ್ ಹಿಡಿದು ಹತ್ತು ನಿಮಿಷದ ಕೆಲಸ. ಹಾಗಾಗಿ ಮೀಟರನ್ನು ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿಟ್ಟಿರುತ್ತಾರೆ. ಮಾಲೀಕರ ಜೊತೆಗೇ ಹೋಗಿ ಕೇಳಿದರೆ ಕೊಡುತ್ತಾರೆ. 2021ರಲ್ಲಿ 82 ಸಾವಿರ, ಇವತ್ತು ಮೀಟರಿನಲ್ಲಿ 54 ಸಾವಿರ! ದಾಖಲೆ ಸಿಗದಿದ್ದರೆ ಟೈರ್ ನೋಡಿ. ಪಕ್ಕದಲ್ಲಿರುವ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ 23ನೇ ವಾರ. 30 ಸಾವಿರ ಓಡಿದೆ ಅನ್ನುವ ಗಾಡಿಗೆ ಎರಡನೇ ಸೆಟ್ ಟೈರ್ ಯಾಕೆ ಬಂತು? ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ಆ 30 ಸಾವಿರ ಸುಳ್ಳು.

ಹಂತ 5: ಬೆಳಿಗ್ಗೆ ಹೋಗಿ, ಓಡಿಸಿ, ಕೆಳಗೆ ನೋಡಿ

ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಿದ್ದಾರೆ ಎಂದೇ ಲೆಕ್ಕ. ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ನಿಂತು ಸೈಲೆನ್ಸರ್ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಆಯಿಲ್ ಮುಚ್ಚಳದ ಒಳಗೆ ಕಾಫಿಗೆ ಹಾಲು ಬೆರೆಸಿದ ಬಣ್ಣ ಕಂಡರೂ ಅದೇ ಕಾಯಿಲೆ.

2020ರ ನಂತರದ ಬಿಎಸ್6 ಡೀಸೆಲ್ ಆದರೆ ಒಂದು ಪ್ರಶ್ನೆ ಜಾಸ್ತಿ ಕೇಳಿ: ಇಷ್ಟು ದಿನ ಎಲ್ಲಿ ಓಡಿದೆ? ಅದರ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟುಕೊಂಡು ಶುಚಿಯಾಗಲು ಹೆದ್ದಾರಿಯ ಒಂದೇ ಸಮನೆ ಓಟ ಬೇಕು. ಬರೀ ಜಯನಗರದಿಂದ ಬಸವನಗುಡಿಗೆ ಓಡಿದ ಡೀಸೆಲ್ ಗಾಡಿಗಿಂತ ಹುಬ್ಬಳ್ಳಿಗೆ ತಿಂಗಳಿಗೆರಡು ಸಲ ಹೋಗಿಬಂದದ್ದು ಎಷ್ಟೋ ವಾಸಿ, ಮೀಟರ್ ದುಪ್ಪಟ್ಟು ತೋರಿಸಿದರೂ. ನಿಮ್ಮ ಓಡಾಟವೂ ಊರೊಳಗೇ ಆದರೆ ಡೀಸೆಲ್ ಬಿಟ್ಟು ಪೆಟ್ರೋಲ್ ನೋಡಿ.

ಓಡಿಸುವಾಗ ಹಾಡು ಬಂದ್, ಮಾರುವವರ ಮಾತೂ ಬಂದ್. ಉಬ್ಬು ತಗ್ಗಿನ ರಸ್ತೆಯೇ ಬೇಕು. ನಮ್ಮಲ್ಲಿ ಅದಕ್ಕೇನೂ ಬರ ಇಲ್ಲ.

ಕೊನೆಗೆ ನಿಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ. ಮಾರುವವರ ಮೆಕ್ಯಾನಿಕ್ ಬೇಡ. ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಿಗೆ ಉಪ್ಪು ಗಾಳಿಯ ತುಕ್ಕು ಕೆಳಗಿನಿಂದಲೇ ಹತ್ತುತ್ತದೆ. ಮೇಲಿನ ಬಣ್ಣ ಫಳಫಳ, ಕೆಳಗೆ ಸ್ಕ್ರೂಡ್ರೈವರ್ ಒತ್ತಿದರೆ ತಗಡು ಒಳಗೆ ಹೋಗುತ್ತದೆ. ಕೆಳಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಅದು ಏನನ್ನು ಮುಚ್ಚಿದೆ ಎಂದು ಕೆರೆದು ನೋಡಲು ಮೆಕ್ಯಾನಿಕ್‌ಗೆ ಹೇಳಿ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಒಬಿಡಿ ಸ್ಕ್ಯಾನರ್ ಹಾಕಿಸುವುದನ್ನೂ ಮರೆಯಬೇಡಿ. ದೋಷದ ಕೋಡ್ ಇಲ್ಲ ಅಂದರೆ ಸಾಲದು. ಕೋಡ್ ಅಳಿಸಿ ಎಷ್ಟು ಕಿಲೋಮೀಟರ್ ಆಯಿತು ಎಂದೂ ಎಷ್ಟೋ ಕಾರುಗಳಲ್ಲಿ ಅದು ತೋರಿಸುತ್ತದೆ. ಮೂರು ಕಿಲೋಮೀಟರ್ ಅಂತ ಬಂದರೆ ನೀವು ಬರುವ ಮುಂಚೆ ಯಾರೋ ಅಳಿಸಿದ್ದಾರೆ.

ಹಂತ 6: ದುಡ್ಡು ಕೊಡುವಾಗ

ಚೌಕಾಸಿಗೆ ಕೂರುವ ಮುಂಚೆ ಅದೇ ಕಾರಿನ ಹೊಸ ಮಾಡೆಲ್ ಇವತ್ತಿನ ಆನ್‌ರೋಡ್ ಬೆಲೆ ತಿಳಿದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. "ನಾನು ಇಷ್ಟಕ್ಕೆ ತಗೊಂಡಿದ್ದೆ" ಎಂದು ಹಳೆ ಬಿಲ್ ತೋರಿಸುವವರಿಗೆ ಇದನ್ನು ನೆನಪಿಸಿ. ಎರಡು ವರ್ಷದ ಹಳೆ ಕಾರಿಗೂ ಹೊಸದಕ್ಕೂ ಒಂದು ಲಕ್ಷವೇ ವ್ಯತ್ಯಾಸ ಇದ್ದರೆ ಹೊಸದೇ ತಗೊಳ್ಳಿ. ಹಳೆ ಕಾರಿನ ಸಾಲಕ್ಕೆ ಬಡ್ಡಿಯೂ ಜಾಸ್ತಿ.

ದುಡ್ಡು ಆರ್‌ಸಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೇ ಹೋಗಬೇಕು. ಅಣ್ಣ, ಭಾಮೈದ, ಬ್ರೋಕರ್ ಯಾರ ಖಾತೆಗೂ ಬೇಡ. ಡೀಲರ್ ಮಾರುತ್ತಿದ್ದರೆ, 2023ರ ಏಪ್ರಿಲ್‌ನಿಂದ ಹಳೆ ವಾಹನದ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ ಇದೆ. ಪತ್ರ ತೋರಿಸಿ ಅನ್ನಿ.

ಮಾಲೀಕರ ಹೆಸರು ಬದಲಾವಣೆಯ ಫಾರಂ 29, ಫಾರಂ 30 ಸಹಿಯಾಗಿ ಕೈಗೆ ಬರಬೇಕು. ಗಾಡಿ ಕೊಟ್ಟ ದಿನಾಂಕ, ಗಂಟೆ, ಮೀಟರ್ ಓದು ಬರೆದ ಚೀಟಿಗೆ ಇಬ್ಬರೂ ಸಹಿ ಮಾಡಿ. ಅದಕ್ಕೆ ಹಿಂದಿನ ಕ್ಯಾಮೆರಾ ದಂಡ ಅವರದು, ಮುಂದಿನದು ನಿಮ್ಮದು. ಹೆಸರು ಬದಲಾವಣೆಗೆ ತಗೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. "ತಗೊಂಡವರ ಹೆಸರು ಖಾಲಿ ಬಿಟ್ಟು ಸಹಿ ಹಾಕಿದ ಓಪನ್ ಫಾರಂ ಇಟ್ಕೊಳ್ಳಿ, ಮುಂದೆ ಮಾರೋವಾಗ ನೇರ ಅವರ ಹೆಸರಿಗೆ ಮಾಡಿಸಿ, ಒಂದು ಓನರ್ ಉಳಿಯುತ್ತೆ" ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ. ಆ ಗಾಡಿಯಿಂದ ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಮಾರಿದವರಿಗೆ ಅದು ಕುತ್ತು. ಇನ್ನು ನಿಮಗೆ, ಗಾಡಿ ಕಳುವಾದರೆ ವಿಮೆ ದುಡ್ಡು ಕೇಳಲು ನಿಮ್ಮ ಹೆಸರೇ ಎಲ್ಲೂ ಇರುವುದಿಲ್ಲ.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮೂರನೆಯವರಿಗೆ ಆದ ಹಾನಿಯ ವಿಮೆ ತಾನಾಗಿಯೇ ನಿಮಗೆ ಬರುತ್ತದೆ. ನಿಮ್ಮ ಗಾಡಿಗೆ ಆದ ಹಾನಿಯದ್ದು ಹಾಗೆ ಬರುವುದಿಲ್ಲ. ನೋ ಕ್ಲೇಮ್ ಬೋನಸ್ ಮಾಲೀಕರದ್ದು, ಗಾಡಿಯದ್ದಲ್ಲ. ಅವರು ತಗೊಂಡು ಹೋಗುತ್ತಾರೆ, ಪ್ರೀಮಿಯಮ್ಮಿನಲ್ಲಿ ಆ ವ್ಯತ್ಯಾಸ ನೀವು ಕಟ್ಟಬೇಕು. ಇದನ್ನು ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಹಿಡಿಯಿರಿ. ಗಾಜಿನ ಮೇಲಿನ ಹಳೆ ಫಾಸ್ಟ್ಯಾಗನ್ನು ಅವರ ಎದುರಿಗೇ ಕಿತ್ತು ಖಾತೆ ಮುಚ್ಚಲು ಹೇಳಿ. ನೈಸ್ ರಸ್ತೆಯೋ ಹೆದ್ದಾರಿಯೋ ಹತ್ತುವ ಮುಂಚೆ ನಿಮ್ಮದೊಂದು ಹಾಕಿಸಿಕೊಳ್ಳಿ.